ಎಂಬತ್ತು ರಾಡು

ಕಾನೂನು ಹೇಳಿದ್ದು ಇಷ್ಟು:
ರೈಲು ಹರಿದಲ್ಲೆಲ್ಲ ಅಂಚೆಯ ಹಾದಿ.
ಚೀಲ ಒಲ್ಲೆ ಅನ್ನುವಂತಿಲ್ಲ ಕಂಪನಿ.
ಇಳಿಸಿಬಿಟ್ಟರೂ ಋಣ ತೀರದು:
ಅಂಚೆಮನೆ ಎಂಬತ್ತು ರಾಡಿನೊಳಗಿದ್ದರೆ
ಅದರ ಬಾಗಿಲ ತನಕ ಹೊರತಕ್ಕದ್ದು ಕಂಪನಿಯೇ.
ಎಂಬತ್ತೊಂದಾಯಿತೋ,
ಸರ್ಕಾರದ ಪಾಡು ಸರ್ಕಾರಕ್ಕೆ.

ಒಂದು ರಾಡೆಂದರೆ ಹದಿನಾರೂವರೆ ಅಡಿ.
ಆ ವರ್ಷ ನನ್ನನ್ನು ಉದ್ದಕ್ಕೆ ಮೂರು ಸಲ ಮಲಗಿಸಿದ್ದರೆ
ಸರಿಹೋಗುತ್ತಿತ್ತು.

ನೆಬ್ರಾಸ್ಕದ ಬಯಲ ನಿಲ್ದಾಣದಲ್ಲಿ ನಾನು ಕೂಲಿ ಹುಡುಗ,
ಲಾಟೀನು ಒರೆಸಲು, ಒಲೆಯ ಬೂದಿ ಬಳಿಯಲು.
ಅಮ್ಮ ಇಟ್ಟ ಹೆಸರು ವೊಯ್ತೆಖ್.
ಏಜೆಂಟ್ ಪ್ರಾಥರನ ಬಾಯಿಗೆ ಅದು ದೊಡ್ಡದು,
ತುಂಡು ಮಾಡಿ "ವೋಯ್" ಎನ್ನುತ್ತಿದ್ದ,
ನಾಯಿ ಕರೆದ ಹಾಗೆ.

ಅಂಚೆಮನೆ ವಿಧವೆ ಥೀಯಾ ಲಿಂಡ್‌ಕ್ವಿಸ್ಟಳದು.
ಒಂದೇ ಕೋಣೆ. ಈ ಕಡೆ ಹಿಟ್ಟು, ಸೀಮೆಎಣ್ಣೆ,
ಆ ಕಡೆ ನಲವತ್ತು ಗೂಡು,
ಗೂಡಿಗೊಂದು ಮನೆತನ.

ಒಮಾಹದಿಂದ ಒಬ್ಬ ಬಂದ,
ಗಂಜಿ ಹಾಕಿದ ಕಾಲರು, ಕೈಯಲ್ಲಿ ಉಕ್ಕಿನ ಸರಪಳಿ.
ಕೆಸರುಗುಂಡಿ ಬಳಸಿ ಬಳಸಿ ಅಳೆದ.
ಎಂಬತ್ತೊಂದೂ ಕಾಲು.
ಮರುದಿನ ಪ್ರಾಥರ್ ಹೇಳಿದ: "ವೋಯ್, ಅಲ್ಲೇ ಇಳಿಸು."

ಚೀಲ ಬೆಂಚಿನ ಕೆಳಗೆ ಮೂರು ದಿನ ಕೂತಿತು.
ಬೀಗ ಮುಟ್ಟಿದರೆ ಜೈಲು,
ಮುಟ್ಟದಿದ್ದರೆ ಯಾರಿಗೂ ಏನೂ ಇಲ್ಲ.
ಒಳಗೆ ಬಿತ್ತನೆ ಬೀಜದ ಪಟ್ಟಿಗಳು,
ಯಾವುದೋ ಸ್ವೀಡನ್ನಿನ ಸಾವು, ಕಪ್ಪಂಚಿನ ಲಕೋಟೆಯಲ್ಲಿ.
ಥೀಯಾ ವಾಷಿಂಗ್ಟನ್ನಿಗೆ ದೂರು ಬರೆದಳು.
ದೂರನ್ನೂ ತಾನೇ ಹೊತ್ತು ತಂದು
ರೈಲಿಗೆ ಕೊಡಬೇಕಾಯಿತು.
ಉತ್ತರ ಬಂತು: ಪರಿಶೀಲನೆಯಲ್ಲಿದೆ.

ನವೆಂಬರಿನ ಒಂದು ಭಾನುವಾರ
ಪ್ರಾರ್ಥನೆ ಮುಗಿಸಿದ ಲೂಥರನ್ನರು,
ಅವರೊಡನೆ ಒಂದು ಬೆಂಚಿನಲ್ಲಿ ಎಂದೂ ಕೂರದ
ನಮ್ಮ ಕಡೆಯ ಕ್ಯಾಥೊಲಿಕ್ಕರು,
ಆರು ಹೇಸರಗತ್ತೆ, ಉರುಳುವ ದಿಮ್ಮಿಗಳು.
ಅಂಚೆಮನೆಯನ್ನು ಎತ್ತಿದರು, ಎಳೆದರು.
ಥೀಯಾ ಗೋಡೆಗೆ ಅಂಗೈಯಿಟ್ಟು ಪಕ್ಕದಲ್ಲೇ ನಡೆದಳು,
ಈಯುವ ಹಸುವಿನ ಜೊತೆ ನಡೆಯುವವಳಂತೆ.
ಗೂಡಿನಿಂದ ಒಂದು ಕಾಗದ ಬೀಳಲಿಲ್ಲ,
ಶಾಯಿಬುಡ್ಡಿ ತುಳುಕಲಿಲ್ಲ.

ಸರಪಳಿಯವನು ಮತ್ತೆ ಬಂದ. ಎಪ್ಪತ್ತೊಂಬತ್ತೂವರೆ.
ಇನ್ನೊಮ್ಮೆ ಅಳೆದ. ಎಪ್ಪತ್ತೊಂಬತ್ತೂವರೆ.
ಸರಪಳಿ ಸುತ್ತಿಟ್ಟು
ಥೀಯಾಳ ಹತ್ತಿರವೇ ಎರಡು ಸೆಂಟಿನ ಅಂಚೆಚೀಟಿ ಕೊಂಡ,
ಒಮಾಹಕ್ಕೆ ವರದಿ ಕಳಿಸಲು.

ಊರೆಲ್ಲ ನಕ್ಕಿತು. ನಾನೂ ನಕ್ಕೆ,
ಜನವರಿ ಬರುವ ತನಕ.
ಕಂಪನಿ ಹೊರತಕ್ಕದ್ದು ಎಂದು ಬರೆದವರಿಗೆ
ಕಂಪನಿಗೆ ಬೆನ್ನಿಲ್ಲ ಎಂಬುದು ಗೊತ್ತಿತ್ತೋ ಏನೋ.
ಹಿಮ ಮೊಳಕಾಲಿಗೆ, ಚೀಲ ನಲವತ್ತು ಪೌಂಡು,
ರಾಡು ಎಣಿಸುತ್ತ ನಡೆದೆ.
ಐವತ್ತಮೂರಕ್ಕೆ ಬಿದ್ದೆ.
ಬಿದ್ದಲ್ಲೇ ಥೀಯಾಳಿಗೆ ಬೈದೆ, ವಾಷಿಂಗ್ಟನ್ನಿಗೆ ಬೈದೆ,
ಆ ಆರು ಹೇಸರಗತ್ತೆಗಳಿಗೂ ಬೈದೆ.
ಬಾಗಿಲು ತೆರೆದವಳು
ಚೀಲ ನೋಡಲಿಲ್ಲ,
"ವೊಯ್ತೆಖ್, ಮೊದಲು ಒಳಗೆ ಬಾ" ಅಂದಳು.
ಪೂರ್ತಿ ಹೆಸರು. ಆಮೇಲೆ ಕಾಫಿ.

ಈಗ ಅಲ್ಲಿ ಹಳಿ ಇಲ್ಲ. ಅಂಚೆ ಲಾರಿಯಲ್ಲಿ ಬರುತ್ತದಂತೆ.
ಆ ಮನೆ ಮಾತ್ರ ಸಾಲು ತಪ್ಪಿ ಮುಂದೆ ನಿಂತಿದೆ,
ಕಟ್ಟಿದವನು ಕುಡಿದಿದ್ದ ಅನ್ನುತ್ತಾರೆ ಹೊಸಬರು.
ಹಿತ್ತಲ ಹುಲ್ಲಿನ ನಡುವೆ ಹಳೆಯ ಹೊಸ್ತಿಲ ಕಲ್ಲು,
ಅದನ್ನು ಎಳೆಯಲು ಅಂದು ಯಾರಿಗೂ ನೆನಪಾಗಲಿಲ್ಲ.
ಹೋದ ಬೇಸಗೆ ಅದರ ಮೇಲೆ ಕೂತು
ಬೂಟು ಬಿಚ್ಚಿ ಕಲ್ಲು ಕೊಡವಿದೆ.